ಹಲ್ಲಣದ ನೋವು

ಠಾಣೆಯ ಮಾಜಿವಾಡೆಯಲ್ಲಿ ಹುಟ್ಟಿ, ಮಾನಪಾಡಾ, ಪಾತಲೀಪಾಡಾ, ವಾಘಬೀಳ, ಕಾಸಾರವಡವಲಿಗಳನ್ನು ಒಂದೊಂದಾಗಿ ದಾಟಿ, ಎಡಗಡೆಗೆ ಯೇವೂರಿನ ಬೆಟ್ಟಸಾಲನ್ನೂ ಬಲಗಡೆಗೆ ವಸಯಿಯ ಖಾಡಿಯೆಂಬ ಕಡಲಿನ ತೋಳನ್ನೂ ಇಟ್ಟುಕೊಂಡು, ಗಾಯಮುಖದ ಘಾಟಿನಲ್ಲಿ ಒಮ್ಮೆ ಏರಿ ಇಳಿದು, ಸುಮಾರು 20 ಕಿಲೋಮೀಟರು ನಡೆದ ಮೇಲೆ ಅಹಮದಾಬಾದಿನ ಹೆದ್ದಾರಿಯನ್ನು ಕೂಡಿಕೊಳ್ಳುವ ಮಾರ್ಗಕ್ಕೆ ಘೋಡಬಂದರ್ ರಸ್ತೆಯೆಂದು ಹೆಸರು. ನ್ಹಾವಾಶೇವಾ ಬಂದರಿನಿಂದ ಗುಜರಾತಿನ ಕಡೆಗೆ ಕಬ್ಬಿಣದ ಪೆಟ್ಟಿಗೆಗಳನ್ನು ಹೊತ್ತು ತೆವಳುವ ಟ್ರೇಲರುಗಳು, ತಲೆಯ ಮೇಲೆ ಸಾಲುಗಟ್ಟಿ ನಿಂತ ಮೆಟ್ರೋದ ಕಂಬಗಳು, ಮಳೆಗಾಲ ಕಳೆದೊಡನೆ ಬಾಯಿ ತೆರೆದುಕೊಳ್ಳುವ ಹೊಂಡಗಳು ಇವುಗಳ ಮಧ್ಯದಲ್ಲಿ, ಆ ಹೆಸರಿನೊಳಗೆ ಕುದುರೆಯೊಂದು ನಿಂತಿರುವುದೆಂಬ ಸಂಗತಿ ಯಾರಿಗೂ ಸ್ಮರಣೆಗೆ ಬರುವುದಿಲ್ಲ. ಈ ರಸ್ತೆಯ ಪಕ್ಕದಲ್ಲಿಯೇ ಹನ್ನೊಂದು ವರ್ಷಗಳಿಂದ ಬಾಳುತ್ತಿರುವ ನನಗೂ ಬಂದಿರಲಿಲ್ಲ. ಕಡೆಗೆ ಬಂದುದು ವಿದ್ಯೆಯಿಂದಲ್ಲ, ನೋವಿನಿಂದ.

ಧಾರವಾಡದಲ್ಲಿ ಓದುತ್ತಿದ್ದ ಕಾಲದಲ್ಲಿ ಗಂಟೆಯ ಬಾಡಿಗೆಗೆ ಸೈಕಲ್ ಹಿಡಿದು ಮಾಳಮಡ್ಡಿಯ ಏರುಗಳನ್ನೆಲ್ಲ ತುಳಿದವನು ನಾನು. ಆ ಬಳಿಕ ಉದ್ಯೋಗ, ಸಂಸಾರ, ಲೋಕಲ್ ಗಾಡಿ ಎಂಬ ಮೂರು ಗಾಲಿಗಳ ಮೇಲೆ ಕುಳಿತು 22 ವರ್ಷಗಳನ್ನು ಕಳೆದು, ಹೋದ ಚಳಿಗಾಲದಲ್ಲಿ ವೈದ್ಯರ ಆಜ್ಞೆಯಂತೆ ಮತ್ತೆ ಸೈಕಲನ್ನು ಕೊಂಡೆನು. ಮೊದಲ ದಿನ ಬೆಳಗಿನ ಜಾವದಲ್ಲಿ ಗಾಯಮುಖದವರೆಗೆ ಹೋಗಿ ಬಂದೆನೆಂಬ ಹೆಮ್ಮೆ. ಎರಡನೆಯ ದಿನ ಸೀಟಿನ ಮೇಲೆ ಕುಳಿತ ಕೂಡಲೆ ಹೆಮ್ಮೆಯ ಸ್ಥಾನದಲ್ಲಿ ಉರಿ. ಮೂರನೆಯ ದಿನ ಕಚೇರಿಯ ಸಭೆಯಲ್ಲಿ ಕುರ್ಚಿಯ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಸರಿಯುತ್ತ, ಕೇಳಿದವರಿಗೆ ಬೆನ್ನುನೋವೆಂದು ಸುಳ್ಳು ಹೇಳಿದೆನು. ಮನುಷ್ಯನು ತಲೆನೋವನ್ನು ಹೇಳಿಕೊಳ್ಳುತ್ತಾನೆ, ಮೊಣಕಾಲಿನ ನೋವನ್ನು ವರ್ಣಿಸುತ್ತಾನೆ. ಈ ನೋವನ್ನು ಮಾತ್ರ ಮುಚ್ಚಿಡುತ್ತಾನೆ. ಇತಿಹಾಸದಲ್ಲಿ ಇದರ ದಾಖಲೆಗಳು ವಿರಳವಾಗಿರುವುದಕ್ಕೆ ಈ ಸಂಕೋಚವೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ.

ಘೋಡಾ ಎಂದರೆ ಕುದುರೆ, ಬಂದರ್ ಎಂದರೆ ಹಡಗುಗಳು ನಿಲ್ಲುವ ತಾಣ. ಪಾರಸಿಯ ಪದವು ದೇಶೀಯ ಪದದ ಬೆನ್ನೇರಿ ಆದ ಹೆಸರು. ಖಾಡಿಯು ಸಮುದ್ರವನ್ನು ಕೂಡುವ ಕಡೆಗೆ ಇರುವ ಸಣ್ಣ ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆಯೊಂದು ಇಂದಿಗೂ ಉಂಟು. ಅದರ ಬುಡದಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದುವೆಂದು ಜನರು ಹೇಳುತ್ತ ಬಂದಿದ್ದಾರೆ. ಇಂದು ಮುಂಬಯಿಯ ಪಶ್ಚಿಮದ ಉಪನಗರಗಳಲ್ಲಿ ಸ್ವಾಮಿ ವಿವೇಕಾನಂದರ ಹೆಸರನ್ನು ಹೊತ್ತಿರುವ ಉದ್ದನೆಯ ರಸ್ತೆಗೂ ಹಿಂದೆ ಘೋಡಬಂದರ್ ರಸ್ತೆಯೆಂದೇ ಹೆಸರಿದ್ದುದನ್ನು ನೆನೆದರೆ, ಇವೆರಡೂ ಇರುವ ಸಾಷ್ಟಿ ದ್ವೀಪದ ಎರಡು ಮಗ್ಗುಲಿನ ಹಾದಿಗಳೂ ಒಂದಾನೊಂದು ಕಾಲದಲ್ಲಿ ಈ ಒಂದೇ ಹಳ್ಳಿಯ ಕಡೆಗೆ ಮುಖಮಾಡಿದ್ದುವೆಂಬುದು ತಿಳಿಯುತ್ತದೆ. ಪಶ್ಚಿಮದ ಹಾದಿ ತನ್ನ ಕುದುರೆಯನ್ನು ಬಿಟ್ಟುಕೊಟ್ಟಿತು. ಠಾಣೆಯ ಹಾದಿ ಬಿಡಲಿಲ್ಲ.

ಕುದುರೆಯ ವ್ಯಾಪಾರಕ್ಕೂ ಠಾಣೆಗೂ ಇರುವ ಸಂಬಂಧಕ್ಕೆ ಜನರ ಮಾತೊಂದೇ ಆಧಾರವಲ್ಲ. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮದ ಕರಾವಳಿಯನ್ನು ಬಣ್ಣಿಸಿದ ಮಾರ್ಕೊ ಪೋಲೋ ಠಾಣೆಯ ರಾಜ್ಯವನ್ನು ಕುರಿತು ವಿಚಿತ್ರವಾದ ಒಂದು ವಿಷಯವನ್ನು ತಿಳಿಸುತ್ತಾನೆ: ಇಲ್ಲಿಯ ದೊರೆಗೂ ಕಡಲುಗಳ್ಳರಿಗೂ ಒಂದು ಒಪ್ಪಂದವಿದ್ದಿತಂತೆ, ಹಿಡಿದ ಹಡಗಿನಲ್ಲಿ ಸಿಕ್ಕಿದ ಸರಕೆಲ್ಲವೂ ಕಳ್ಳರಿಗೆ, ಕುದುರೆಗಳು ಮಾತ್ರ ದೊರೆಗೆ. ಭಾರತದ ಕಡೆಗೆ ಬರುವ ಹಡಗು ಇತರ ಸರಕಿನ ಜೊತೆಗೆ ಕುದುರೆಗಳನ್ನು ಹೇರಿಕೊಳ್ಳದೆ ಬರುತ್ತಲೇ ಇರಲಿಲ್ಲವಾದುದರಿಂದ ಈ ಪಾಲುಗಾರಿಕೆಯಲ್ಲಿ ದೊರೆಗೆ ನಷ್ಟವೇನೂ ಇದ್ದಂತೆ ತೋರುವುದಿಲ್ಲ. ಚಿನ್ನವನ್ನು ಕಳ್ಳನಿಗೆ ಬಿಟ್ಟು ಕುದುರೆಯನ್ನು ತಾನಿಟ್ಟುಕೊಳ್ಳುವ ರಾಜನೀತಿ ಇಂದು ನಮಗೆ ನಗೆಯನ್ನು ತರಿಸಬಹುದು. ಆದರೆ ಒಳ್ಳೆಯ ತಳಿಯ ಕುದುರೆ ಹುಟ್ಟಿ ಬೆಳೆಯದ, ಹುಟ್ಟಿದರೂ ಬಹುಕಾಲ ಬಾಳದ ನಾಡಿನಲ್ಲಿ, ಅಶ್ವಬಲವಿಲ್ಲದ ದೊರೆಗೆ ಚಿನ್ನವನ್ನು ಕಾಪಾಡಿಕೊಳ್ಳುವ ಬಗೆಯೂ ಇರಲಿಲ್ಲ.

ಇಲ್ಲಿ ಕನ್ನಡಿಗನಾದ ನನಗೆ ಸ್ವಲ್ಪ ದಾರಿ ತಪ್ಪುವ ಅನುಮತಿ ಬೇಕು. ಈ ಠಾಣೆಯನ್ನು ಮಾರ್ಕೊ ಪೋಲೋವಿಗಿಂತ ಮೊದಲು ನಾಲ್ಕು ಶತಮಾನಗಳಿಗೂ ಮೀರಿ ಆಳಿದ ಶಿಲಾಹಾರರು ತಮ್ಮನ್ನು ತಗರಪುರವರಾಧೀಶ್ವರರೆಂದು ಕರೆದುಕೊಂಡವರು. ಅವರ ಸಂಸ್ಕೃತ ಶಾಸನಗಳ ನಡುವೆ ಮಲಗಳಗಂಡ, ನನ್ನಿಸಮುದ್ರ ಮೊದಲಾದ ಅಚ್ಚಗನ್ನಡದ ಬಿರುದುಗಳು ಹಠಾತ್ತಾಗಿ ಎದ್ದು ನಿಲ್ಲುತ್ತವೆ, ಪರವೂರಿನ ಸಂತೆಯಲ್ಲಿ ಯಾರೋ ನಮ್ಮ ಊರಿನ ಮಾತಿನಲ್ಲಿ ಕೂಗಿದಂತೆ. ಘೋಡಬಂದರ್ ರಸ್ತೆಗೆ ಎಡದಲ್ಲಿ ಕಾಣುವ ಕಾಡಿನ ಆಚೆಯ ಮಗ್ಗುಲಿನಲ್ಲಿರುವ ಕಾನ್ಹೇರಿಯ ಗುಹೆಗಳಲ್ಲಿ 843 ಮತ್ತು 877ರ ಶಿಲಾಹಾರ ಶಾಸನಗಳಿದ್ದು, ಅವು ಸಾರ್ವಭೌಮನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗದ ನೃಪತುಂಗನೇ ಅವನು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡದ ಮೇರೆಯನ್ನು ಗುರುತಿಸಿದ ಆ ಆಸ್ಥಾನದ ಹೆಸರು ವಸಯಿಯ ಖಾಡಿಯ ಈ ಬೆಟ್ಟದಲ್ಲಿ ಬೌದ್ಧ ಭಿಕ್ಷುಗಳ ಬಂಡೆಯ ಮೇಲೆ ಕುಳಿತಿರುವುದನ್ನು ಬಲ್ಲವನಿಗೆ, ಬೆಳಗಿನ ಸೈಕಲ್ ಸವಾರಿಯಲ್ಲಿ ತಾನು ಪರದೇಶಿಯೆಂಬ ಭಾವನೆ ಅಷ್ಟಾಗಿ ಕಾಡಲಾರದು.

ಕುದುರೆಯ ಹುಚ್ಚಿನಲ್ಲಿ ನಮ್ಮವರು ಯಾರಿಗೂ ಕಡಿಮೆಯಿರಲಿಲ್ಲ. ಭಟಕಳ, ಹೊನ್ನಾವರ, ಗೋವೆಗಳ ಮೂಲಕ ವಿಜಯನಗರಕ್ಕೆ ಹರಿದುಬಂದ ಅಶ್ವಪ್ರವಾಹವನ್ನು ಕುರಿತು ಪೋರ್ಚುಗೀಸ್ ವರ್ತಕನಾದ ಫೆರ್ನಾವ್ ನೂನಿಜನು ಬರೆದಿಟ್ಟಿರುವುದರಲ್ಲಿ ಎರಡು ಮಾತುಗಳು ನನ್ನ ಮನಸ್ಸಿನಿಂದ ಅಳಿಯುವುದಿಲ್ಲ. ಅಲ್ಲಿಯ ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬುದು ಒಂದು. ಅದಕ್ಕೂ ಹಿಂದೆ ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಗಳಿಗೂ ಬೆಲೆ ಕೊಡುತ್ತಿದ್ದನೆಂಬುದೂ, ವರ್ತಕನು ಬಾಲವೊಂದನ್ನು ತಂದು ತೋರಿಸಿದರೆ ಸಾಕಾಗುತ್ತಿದ್ದಿತೆಂಬುದೂ ಇನ್ನೊಂದು. ವರ್ತಕನು ಬೇರೆ ಬಂದರಿಗೆ ಹೋಗದಿರಲೆಂಬ ಲೆಕ್ಕಾಚಾರ ಅದರ ಹಿಂದಿದ್ದುದು ನಿಜವಾದರೂ, ಬಾಲಕ್ಕೆ ಹೊನ್ನನ್ನು ಎಣಿಸಿಕೊಟ್ಟ ಭಂಡಾರಿಯ ಮುಖವನ್ನು ಕಲ್ಪಿಸಿಕೊಳ್ಳುವಾಗ ನನಗೆ ಆ ಕಾಲದ ರಾಜಕಾರಣವೆಲ್ಲ ಒಮ್ಮೆಗೇ ಅರ್ಥವಾದಂತೆನಿಸುತ್ತದೆ. ಹಂಪೆಯ ಮಹಾನವಮಿ ದಿಬ್ಬದ ಸುತ್ತ ಕಡೆದಿರುವ ಸಾಲುಗಳಲ್ಲಿ ಪರದೇಶದ ವೇಷದವರು ಕುದುರೆಗಳನ್ನು ಹಿಡಿದು ನಡೆಯಿಸುತ್ತಿರುವುದನ್ನು ಇಂದಿಗೂ ಕಾಣಬಹುದು.

ಇಷ್ಟು ಬೆಲೆ ತೆತ್ತು ತಂದ ಪ್ರಾಣಿಯನ್ನು ಕುರಿತು ಗ್ರಂಥಗಳು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಪರಂಪರೆ ಪ್ರಸಿದ್ಧವಾದುದು. ಕನ್ನಡದಲ್ಲಿ ಅಭಿನವಚಂದ್ರನ ಅಶ್ವವೈದ್ಯವಿದೆ. ನಮ್ಮ ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲೀ ವಿನೋದವೆಂಬ ಪ್ರಕರಣವನ್ನೇ ಕುದುರೆಯ ಸವಾರಿಗೂ ಅದರ ಮೇಲಿಂದ ಆಡುವ ಚೆಂಡಾಟಕ್ಕೂ ಮೀಸಲಿಟ್ಟನು. (ಠಾಣೆ ಜಿಲ್ಲೆಯ ಕಲ್ಯಾಣ ಬೇರೆ, ನಮ್ಮ ಬಸವಕಲ್ಯಾಣ ಬೇರೆ, ಲೋಕಲ್ ಗಾಡಿಯಲ್ಲಿ ಕಲ್ಯಾಣದ ಹೆಸರನ್ನು ಕೂಗಿದಾಗಲೆಲ್ಲ ನನ್ನ ಮನಸ್ಸು ಒಂದು ಕ್ಷಣ ತಪ್ಪು ನಿಲ್ದಾಣದಲ್ಲಿ ಇಳಿಯುತ್ತದೆ.) ಆದರೆ ಈ ಅಶ್ವವೈದ್ಯ ಪರಂಪರೆಯ ಹೆಸರೇ ಹೇಳುವಂತೆ, ಚಿಕಿತ್ಸೆಯೆಲ್ಲ ಕುದುರೆಗೆ. ಪಲ್ಲಣದ, ಎಂದರೆ ಜೀನಿನ, ಅಡಿಯಲ್ಲಿ ಕುದುರೆಯ ಬೆನ್ನು ಹುಣ್ಣಾದರೆ ಮುಲಾಮಿಗೆ ಹುಡುಕುವ ರಾಜ್ಯವು ಪಲ್ಲಣದ ಮೇಲೆ ಕುಳಿತವನ ಹುಣ್ಣನ್ನು ಅವನವನಿಗೇ ಬಿಟ್ಟಿತು. ಕಾರಣ ಸ್ಪಷ್ಟವಾಗಿಯೇ ಇದೆ: ಕುದುರೆ ಹೊರ್ಮುಜಿನಿಂದ ಬರಬೇಕು, ರಾವುತ ಪಕ್ಕದ ಹಳ್ಳಿಯಿಂದ ಬರುತ್ತಾನೆ.

ಪಲ್ಲಣವೆಂಬ ಮಾತೂ ಒಂದು ಪ್ರಯಾಣದ ಕತೆಯೇ. ಸಂಸ್ಕೃತದ ಪರ್ಯಾಣವು ಪ್ರಾಕೃತದಲ್ಲಿ ಮೃದುವಾಗಿ, ಹಳಗನ್ನಡಕ್ಕೆ ಪಲ್ಲಣವಾಗಿ ಬಂದು, ನಡುಗನ್ನಡದಲ್ಲಿ ಹಲ್ಲಣವಾಯಿತು. ಮರಾಠಿಯಲ್ಲಿ ಪಲಾಣವೆಂದೇ ಉಳಿಯಿತು. ಕುದುರೆಯನ್ನು ಹಲ್ಲಣಿಸಿ ಹೊರಡುವ ವೀರರು ನಮ್ಮ ಕಾವ್ಯಗಳಲ್ಲಿ ಹೇರಳವಾಗಿದ್ದಾರೆ. ಮುಸಲ್ಮಾನ ದೊರೆಗಳ ಕಾಲದಲ್ಲಿ ಪಾರಸಿಯ ಜೀನು ಬಂದು ಹಲ್ಲಣವನ್ನು ಕೆಳಗಿಳಿಸಿತು. ಸವಾರನು ಕಾಲಿಡುವ ಅಂಕವಣಿಯನ್ನು ರಿಕಾಪು ತಳ್ಳಿತು. ಕಡೆಗೆ ಇಂಗ್ಲಿಷಿನ ಸೀಟು ಬಂದು ಜೀನನ್ನೂ ತಳ್ಳಿತು. ಮೂರು ಭಾಷೆಗಳು ಒಂದರ ಮೇಲೊಂದು ಕುಳಿತ ಈ ಜಾಗದಲ್ಲಿ ಬದಲಾಗದೆ ಉಳಿದುದು ಕೂರುವವನ ಎಲುಬು ಮಾತ್ರ.

ಅಂಕವಣಿಯ ಪ್ರಸ್ತಾಪ ಬಂದುದರಿಂದ ಅದರ ಗುಣವನ್ನು ಸ್ವಲ್ಪ ವಿಚಾರಿಸುವುದು ಅವಶ್ಯಕ. ನನ್ನ ನೋವಿನ ಮರ್ಮ ಅಲ್ಲಿಯೇ ಅಡಗಿದ್ದಿತು. ಸಾಂಚಿ, ಭಾಜಾಗಳ ಪ್ರಾಚೀನ ಶಿಲ್ಪಗಳಲ್ಲಿ ಸವಾರನ ಕಾಲ್ಬೆರಳಿಗೆ ಸಿಲುಕಿಸಿದ ಪಟ್ಟಿಯೊಂದು ಕಾಣುವುದೆಂದೂ, ಕಾಲಿಗೆ ಆಸರೆ ಕೊಡುವ ಅಂಕವಣಿಯ ಮೂಲರೂಪ ಅದೇ ಎಂದೂ ವಿದ್ವಾಂಸರು ಹೇಳುತ್ತಾರೆ. ಸಾಮಾನ್ಯವಾಗಿ ಅಂಕವಣಿಯನ್ನು ಯುದ್ಧದ ಸಾಧನವೆಂದು ವರ್ಣಿಸುವುದುಂಟು: ಈಟಿ ಬೀಸುವವನಿಗೆ ನೆಲೆ ಬೇಕೆಂದು. ಆದರೆ ದಿನಕ್ಕೆ ಹತ್ತು ಹರದಾರಿ ಕ್ರಮಿಸುವವನಿಗೆ ಅದು ಬೇರೊಂದು ಉಪಕಾರವನ್ನು ಮಾಡಿತು. ದೇಹದ ಭಾರವನ್ನು ಆಸನ ಮತ್ತು ಪಾದಗಳ ನಡುವೆ ಹಂಚಿತು. ಕುದುರೆ ಕುಕ್ಕುಲೋಟಕ್ಕೆ ತೊಡಗಿದಾಗ ಬಲ್ಲ ಸವಾರನು ಅಂಕವಣಿಯ ಮೇಲೆ ಎದ್ದು ಕೂರುತ್ತಾನೆಯೇ ಹೊರತು ಮೂಟೆಯಂತೆ ಕುಳಿತಿರುವುದಿಲ್ಲ. ಸೈಕಲಿನಲ್ಲಿ ಅಂಕವಣಿಯ ಕೆಲಸವನ್ನು ಮಾಡುವುದು ಪೆಡಲು. ಬಲವಾಗಿ ತುಳಿಯುವವನು ಹಗುರವಾಗಿ ಕುಳಿತಿರುತ್ತಾನೆ. 22 ವರ್ಷ ತುಳಿಯದ ಕಾಲುಗಳಲ್ಲಿ ಬಲವಿಲ್ಲದ ಕಾರಣ ನನ್ನ ಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ. ಹಾಗಾಗಿ ಕಾಲಿನ ಸಾಲವನ್ನು ಪೃಷ್ಠವು ತೀರಿಸಬೇಕಾಗುತ್ತದೆ.

ಇನ್ನು ಜೀನು ಮಾಡಿದವರ ವಿಷಯ. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಜೀನಗಾರರೆಂಬ ಕಸುಬುದಾರರ ಮನೆತನಗಳುಂಟು. ಹೆಸರೇ ಹೇಳುವಂತೆ ಜೀನನ್ನು ಹೊಲಿದು ಬಾಳಿದವರು. ಮರಾಠರ ದಂಡಿನಲ್ಲಿ ಸ್ವಂತ ಕುದುರೆಯುಳ್ಳವನು ಶಿಲೇದಾರ, ಸರಕಾರದ ಕುದುರೆಯನ್ನು ಏರುವವನು ಬಾರಗೀರ. ಇಬ್ಬರಿಗೂ ಜೀನು ಬೇಕಾದುದರಿಂದ ಜೀನಗಾರನಿಗೆ ಕೆಲಸಕ್ಕೆ ಬರವಿರಲಿಲ್ಲ. 1737ರಲ್ಲಿ ಚಿಮಾಜಿ ಅಪ್ಪನ ದಂಡು ಸಾಷ್ಟಿಯನ್ನು ಹೊಕ್ಕು ಠಾಣೆಯನ್ನೂ ಘೋಡಬಂದರನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಎರಡು ವರ್ಷಗಳ ತರುವಾಯ ಖಾಡಿಯ ಆಚೆಯ ವಸಯಿಯ ಕೋಟೆಯನ್ನೂ ಗೆದ್ದಾಗ, ಕುದುರೆಯ ಹೆಸರಿನ ಈ ಬಂದರಿಗೆ ನಿಜವಾಗಿಯೂ ಕುದುರೆಯ ಮೇಲೆ ಬಾಳಿದ ಜನರ ಒಡೆತನ ಬಂದಿತೆನ್ನಬಹುದು. ಅದು ಉಳಿದುದು ನಾಲ್ವತ್ತು ವರ್ಷವೂ ಇಲ್ಲ. 1774ರ ಕೊನೆಯಲ್ಲಿ ಠಾಣೆ ಇಂಗ್ಲಿಷರ ವಶವಾಯಿತು. 1818ರಲ್ಲಿ ಪೇಶ್ವೆಯ ಆಳ್ವಿಕೆಯೇ ಮುಗಿದು, ದಂಡುಗಳು ಚದುರಿ, ಜೀನಗಾರನ ಗಿರಾಕಿಗಳು ಇಲ್ಲವಾದರು. ಆ ಕುಶಲ ಹಸ್ತಗಳು ಆಮೇಲೆ ಏನು ಮಾಡಿದುವೆಂಬುದಕ್ಕೆ ನಮ್ಮ ಗೋಕಾಕವೇ ಸಾಕ್ಷಿ. ಅಲ್ಲಿಯ ಜೀನಗಾರರು ಮರವನ್ನು ಕೆತ್ತಿ, ಬಣ್ಣ ಬಳಿದು, ನಿಜವೆಂದು ಕಚ್ಚಬೇಕೆನ್ನಿಸುವ ಹಣ್ಣು ತರಕಾರಿಗಳ ಗೊಂಬೆಗಳನ್ನು ಮಾಡುವವರೆಂದು ಖ್ಯಾತರಾದರು. ಬಾಲ್ಯದಲ್ಲಿ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿದ್ದ ಗೋಕಾಕದ ಬಾಳೆಯ ಹಣ್ಣಿನ ವಂಶದಲ್ಲಿ ಕುದುರೆಯ ಜೀನೊಂದು ಇದ್ದಿತೆಂಬುದು ಆಗ ನನಗೆ ತಿಳಿದಿದ್ದರೆ!

ಅತ್ತ ಇಂಗ್ಲೆಂಡಿನಲ್ಲಿ ಅದೇ ಕಸುಬಿನವನೊಬ್ಬನು ಬೇರೆ ದಾರಿ ಹಿಡಿದನು. ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಎಂಬುವನು 1866ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕುದುರೆಗಳ ಚರ್ಮಸಾಮಾನುಗಳ ಅಂಗಡಿಯನ್ನು ತೆರೆದನು. 1878ರಲ್ಲಿ ಅವನ ಕುದುರೆ ಸತ್ತಿತು. ಮತ್ತೊಂದನ್ನು ಕೊಳ್ಳುವ ಸಾಮರ್ಥ್ಯವಿಲ್ಲದೆ ಒಂದು ಬೈಸಿಕಲನ್ನು ಎರವಲು ತಂದು ಕೆಲಸಕ್ಕೆ ಹೋಗತೊಡಗಿದನಂತೆ. ಅದರ ಕಟ್ಟಿಗೆಯ ಆಸನ ಅವನಿಗೆ ಸಹಿಸಲಾರದಷ್ಟು ನೋವನ್ನು ಕೊಟ್ಟಿತಂತೆ. ಎಷ್ಟೋ ಜನ ಅದೇ ನೋವನ್ನು ಅನುಭವಿಸಿ ಸುಮ್ಮನಿದ್ದರು. ಇವನು ಮಾತ್ರ ಜೀನು ಹೊಲಿಯಬಲ್ಲವನಾಗಿದ್ದುದರಿಂದ ಸುಮ್ಮನಿರಲಿಲ್ಲ. 1882ರಲ್ಲಿ ಚರ್ಮದ ಸೈಕಲ್ ಆಸನಕ್ಕೆ ಪೇಟೆಂಟನ್ನು ಪಡೆದನು. ನನ್ನ ಅಭಿಪ್ರಾಯದಲ್ಲಿ ಸೈಕಲಿನ ಚರಿತ್ರೆಯಲ್ಲಿ 1885ರ ಸ್ಟಾರ್ಲಿಯ ಸಮಗಾಲಿಯ ಸೈಕಲಿಗೂ 1888ರ ಡನ್‌ಲಪ್ಪನ ಗಾಳಿಯ ಟಾಯರಿಗೂ ಸಲ್ಲುವ ಗೌರವ ಈ ಸತ್ತ ಕುದುರೆಗೂ ಸಲ್ಲಬೇಕು.

ಬ್ರೂಕ್ಸನ ಆಸನದ ಯುಕ್ತಿ ಸರಳವಾದುದು, ಆದುದರಿಂದಲೇ ಬಾಳಿದುದು. ದಪ್ಪನೆಯ ಎತ್ತಿನ ತೊಗಲೊಂದನ್ನು ಮುಂದಿನ ಮೂಗಿಗೂ ಹಿಂದಿನ ಕಮಾನಿಗೂ ತಾಮ್ರದ ಮೊಳೆಗಳಿಂದ ಬಿಗಿದು, ನಡುವೆ ಯಾವ ಆಧಾರವೂ ಇಲ್ಲದೆ ಜೋಲಿಯಂತೆ ತೂಗಬಿಡುವುದು. ಸಡಿಲವಾದರೆ ಮೂಗಿನಡಿಯ ತಿರುಪನ್ನು ಬಿಗಿಮಾಡುವುದು. ಅದರಲ್ಲಿ ಮೆತ್ತೆಯೆಂಬುದೇ ಇಲ್ಲ. ಹೊಸದರಲ್ಲಿ ಹಲಗೆಯಷ್ಟೇ ಗಟ್ಟಿ. ಆದರೆ ಬಳಸಿದಷ್ಟೂ, ಕುಳಿತಾಗ ಕೆಳಗೆ ಒತ್ತುವ ಎರಡು ಎಲುಬಿನ ಗುಬುಟುಗಳಿಗೆ ಸರಿಯಾಗಿ ಅದರಲ್ಲಿ ಎರಡು ತಗ್ಗುಗಳು ಬೀಳುತ್ತವೆ. ಹತ್ತು ವರ್ಷ ಹಳೆಯದಾದ ಅಂತಹ ಆಸನವನ್ನು ನೋಡಿ ಅದರ ಒಡೆಯನ ದೇಹವನ್ನು ಓದಬಹುದು. ಕುದುರೆಯ ಜೀನಿಗೂ ಇದೇ ಧರ್ಮ ಉಂಟು, ಒಂದು ವ್ಯತ್ಯಾಸದೊಂದಿಗೆ: ಅದು ಕೆಳಗಿನ ಬೆನ್ನಿಗೂ ಮೇಲಿನ ಪೃಷ್ಠಕ್ಕೂ ಏಕಕಾಲದಲ್ಲಿ ಹೊಂದಬೇಕಾದುದು, ಇಬ್ಬರ ನಡುವಣ ಮಧ್ಯಸ್ಥಿಕೆ; ಸೈಕಲಿನ ಕೆಳಗೆ ನೋಯುವ ಪ್ರಾಣಿಯಿಲ್ಲದ ಕಾರಣ ಪಕ್ಷವೊಂದೇ.

ಆ ಎಲುಬಿನ ಗುಬುಟುಗಳ ನಡುವಣ ಅಂತರ ಮನುಷ್ಯರಿಂದ ಮನುಷ್ಯರಿಗೆ ಬೇರೆ; ಸುಮಾರು 10ರಿಂದ 14 ಸೆಂಟಿಮೀಟರ್, ಸ್ತ್ರೀಯರಲ್ಲಿ ಸಾಮಾನ್ಯವಾಗಿ ತುಸು ಹೆಚ್ಚು. ಭಾರವು ಈ ಎರಡು ಬಿಂದುಗಳ ಮೇಲೆ ನಿಂತರೆ ಕೆಲವು ದಿನಗಳ ನೋವಿನ ಬಳಿಕ ದೇಹವು ಒಗ್ಗಿಕೊಳ್ಳುತ್ತದೆ. ಅವುಗಳ ನಡುವಣ ಮೃದುಭಾಗದ ಮೇಲೆ ಬಿದ್ದರೆ ನರ ಒತ್ತಿ ಜೋಮು ಹಿಡಿಯುತ್ತದೆ, ಅದಕ್ಕೆ ಒಗ್ಗಿಕೊಳ್ಳುವುದೆಂಬುದಿಲ್ಲ. ಇನ್ನು ತೊಡೆಯ ಸಂದಿನಲ್ಲಿ ಬೆವರೂ ಹೊಲಿಗೆಯೂ ಸೇರಿ ಉಜ್ಜಿದರೆ ಚರ್ಮ ತರಚುತ್ತದೆ. ತರಚಿದ ಕಡೆ ಕೂದಲಿನ ಬುಡಕ್ಕೆ ಸೋಂಕು ತಗುಲಿದರೆ ಕುರುವೇಳುತ್ತದೆ. ಹೀಗೆ ಒಂದೇ ಹೆಸರಿನಿಂದ ಕರೆಯುವ ನೋವು ವಸ್ತುತಃ ಮೂರು. ಗೆರೆ ಎಳೆದು ಬೇರ್ಪಡಿಸದೆ ಮೂರಕ್ಕೂ ಒಂದೇ ಔಷಧವನ್ನು ಹುಡುಕುವುದರಿಂದಲೇ ನನ್ನಂತಹ ಮರಳಿ ಬಂದ ಸವಾರರು ಮತ್ತೆ ಹೊರಟುಹೋಗುತ್ತಾರೆ.

ಕುರುವಿನ ಶಕ್ತಿಯನ್ನು ತಿಳಿಯಬೇಕಾದರೆ ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯದ ಚರಿತ್ರೆಯನ್ನು ನೋಡಬೇಕು. 1953ರಿಂದ ಸತತವಾಗಿ ಮೂರು ವರ್ಷ ಗೆದ್ದ ಲೂಯಿಸೋ ಬೊಬೆ ಮೂರನೆಯ ಗೆಲುವನ್ನು ಪಡೆದುದು ಇಂತಹ ಹುಣ್ಣುಗಳ ಮೇಲೆ ಕುಳಿತೇ. ಪಂದ್ಯದ ಬಳಿಕ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. 1989ರಲ್ಲಿ ಲೊರಾಂ ಫಿಞೋ ಕೊನೆಯ ದಿನ 50 ಸೆಕೆಂಡುಗಳ ಮುನ್ನಡೆಯೊಡನೆ ಹೊರಟವನು, ವರ್ಸೇಯಿಂದ ಪ್ಯಾರಿಸಿಗೆ 24.5 ಕಿಲೋಮೀಟರ್ ದೂರವನ್ನು ಅಂತಹುದೇ ಹುಣ್ಣಿನ ಮೇಲೆ ಕುಳಿತು ಕ್ರಮಿಸಿ, ಮೂರು ವಾರಗಳ, ಮೂರು ಸಾವಿರ ಕಿಲೋಮೀಟರುಗಳನ್ನು ಮೀರಿದ ಪಂದ್ಯವನ್ನು 8 ಸೆಕೆಂಡುಗಳಿಂದ ಕಳೆದುಕೊಂಡನು. ಚಡ್ಡಿಯೊಳಗೆ ಹಸಿಮಾಂಸದ ತುಂಡನ್ನಿಟ್ಟುಕೊಂಡು ಓಡಿಸುವ ಹಳೆಯ ಪಂದ್ಯಗಾರರ ಉಪಾಯವನ್ನು ಕುರಿತೂ ಕೇಳಿದ್ದೇನೆ. ಮಡಿವಂತರ ಮನೆಯಲ್ಲಿ ಹುಟ್ಟಿದ ನನಗೆ ಅದರ ಪ್ರಯೋಗ ಮಾಡುವ ಧೈರ್ಯವಾಗಲಿಲ್ಲ.

ನಮ್ಮ ದೇಶದ ಸಾಹಸಿಗಳೂ ಕಡಿಮೆಯವರಲ್ಲ. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಜನ ಪಾರಸಿ ತರುಣರು ಸೈಕಲುಗಳನ್ನೇರಿ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗಾರಾ ಎಂಬ ಮೂವರು ಸುಮಾರು 71,000 ಕಿಲೋಮೀಟರ್ ಸುತ್ತಿ 1928ರ ಮಾರ್ಚಿನಲ್ಲಿ ಹಿಂದಿರುಗಿದರು. ನಾಲ್ಕೂವರೆ ವರ್ಷ ಸೀಟಿನ ಮೇಲೆ! ಅವರ ಪುಸ್ತಕಕ್ಕೆ ಮುನ್ನುಡಿ ಬರೆದ ಜವಾಹರಲಾಲ್ ನೆಹರೂ ಅವರಿಗೆ ಆ ತರುಣರ ಮೇಲೆ ಅಸೂಯೆ ಹುಟ್ಟಿತಂತೆ; ನನ್ನ ಈಗಿನ ಸ್ಥಿತಿಯಲ್ಲಿ ನನಗೆ ಹುಟ್ಟುವುದು ಅಸೂಯೆಗಿಂತ ಹೆಚ್ಚಾಗಿ ಅನುಕಂಪವೇ.

ಆದರೆ ಈ ನಾಡಿನ ಸೈಕಲಿನ ನಿಜವಾದ ಚರಿತ್ರೆ ಇಂತಹ ಸಾಹಸಗಳಲ್ಲಿಲ್ಲ. ವರಳಿಯ ಹಿಂದ್ ಸೈಕಲ್ಸ್, ಮದರಾಸಿನ ಟಿ. ಐ. ಸೈಕಲ್ಸ್, ಆಸನ್‌ಸೋಲಿನ ಸೆನ್-ರ‍್ಯಾಲೆ ಮೊದಲಾದ ಕಾರಖಾನೆಗಳು ಸ್ವಾತಂತ್ರ್ಯದ ಆಸುಪಾಸಿನಲ್ಲಿ ತಯಾರಿಸಿ ಊರೂರಿಗೆ ಕಳುಹಿದ, ಸರಳಿನ ಬ್ರೇಕಿನ, ಎತ್ತರದ ಕರಿಯ ಸೈಕಲಿನಲ್ಲಿ ಅದು ಇದೆ. ಪುರಸಭೆಯ ಹಿತ್ತಾಳೆಯ ಬಿಲ್ಲೆ, ರಾತ್ರಿಗೆ ಕಡ್ಡಾಯವಾದ ದೀಪ, ಇಬ್ಬರು ಕುಳಿತರೆ ಪೋಲೀಸರ ದಂಡ, ಅಡ್ಡಸರಳಿನ ಕೆಳಗೆ ಕಾಲು ತೂರಿಸಿ ತುಳಿದು ಕಲಿಯುವ ಹುಡುಗರು, ಇವೆಲ್ಲ ಆ ಯುಗದ ಲಕ್ಷಣಗಳು. ಆ ಸೈಕಲಿನ ಮೇಲೆ ಜನ ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕುಳಿತಿರುತ್ತಿದ್ದರು. ಮೇಷ್ಟರು, ಅಂಚೆಯವನು, ಹಾಲಿನವನು, ಮುಂಬಯಿಯಲ್ಲಿ ಊಟದ ಡಬ್ಬಿಗಳನ್ನು ಹೊತ್ತವನು. ನೆಟ್ಟಗೆ ಕುಳಿತಾಗ ಭಾರವೆಲ್ಲ ಹಿಂದಕ್ಕೆ ಬೀಳುವುದರಿಂದ ಅದಕ್ಕೆ ಅಗಲವಾದ, ಕೆಳಗೆ ಸುರುಳಿ ಸ್ಪ್ರಿಂಗುಳ್ಳ ಸೀಟು. ಪಂದ್ಯದ ಸೈಕಲಿನಲ್ಲಿ ದೇಹವು ಮುಂದಕ್ಕೆ ಬಾಗಿ, ಭಾರವು ಕೈ ಕಾಲು ಆಸನಗಳಲ್ಲಿ ಹಂಚಿಹೋಗುವುದರಿಂದ ಅದಕ್ಕೆ ಕಿರಿದಾದ ಸೀಟು. ಎರಡಕ್ಕೂ ಅವುಗಳ ನ್ಯಾಯವಿದೆ. ನಾನು ಮಾಡಿದ ತಪ್ಪೆಂದರೆ ಕಿರಿದಾದ ಸೀಟಿನ ಹೊಸ ಸೈಕಲನ್ನು ಕೊಂಡು ಅದರ ಮೇಲೆ ಧಾರವಾಡದ ಮೇಷ್ಟರಂತೆ ನೆಟ್ಟಗೆ ಕುಳಿತುದು.

ಈ ತಪ್ಪನ್ನು ನನಗೆ ತೋರಿಸಿಕೊಟ್ಟವನು ಮಾನಪಾಡೆಯ ಫ್ಲೈಓವರಿನ ನೆರಳಿನಲ್ಲಿ ಪಂಕ್ಚರ್ ಹಾಕುವ ಮುದುಕ. ನೋವು ತಾಳಲಾರದೆ ಸೀಟಿನ ಮೇಲೆ ಜೆಲ್ಲಿನ ಮೆತ್ತನೆಯ ಕವಚವೊಂದನ್ನು ತೊಡಿಸಿ, ಅದರಿಂದ ನೋವು ಇಮ್ಮಡಿಯಾಗಿ, ಅವನ ಬಳಿಗೆ ಸೈಕಲನ್ನು ತಳ್ಳಿಕೊಂಡು ಹೋಗಿದ್ದೆನು. ನನ್ನ ಹಿಂದಿಯನ್ನು ಕೇಳಿ ಎರಡು ವಾಕ್ಯಗಳೊಳಗೆ ನನ್ನ ಊರಿನ ದಿಕ್ಕನ್ನು ಗುರುತಿಸಿ, “ಯಾ ಊರ್ರಿ ಸರ?” ಎಂದನು. ಅವನು ನಮ್ಮ ಉತ್ತರ ಕರ್ನಾಟಕದ ಇಂಡಿ ಊರಿನವನು, ಬರಗಾಲದಲ್ಲಿ ತಂದೆಯ ಜೊತೆಗೆ ಈ ಕಡೆಗೆ ಬಂದವನು.

“ಇದನ್ನ ಮೊದಲ ತಗೀರಿ,” ಎಂದು ಆ ಕವಚವನ್ನು ಕಿತ್ತು ನನ್ನ ಕೈಗಿಟ್ಟನು. “ಮೆತ್ತಗಿದ್ರ ಎಲುಬು ಒಳಗ ಇಳೀತಾವ್ರಿ, ನಡುವಿಂದು ಮ್ಯಾಲ ಬಂದು ಒತ್ತತೈತಿ. ಗಾದಿ ಮ್ಯಾಲ ಕುಂತು ದೂರ ಹೋಗಾಕ ಆಗ್ತೈತೇನ್ರಿ?”

ಆಮೇಲೆ ನನ್ನನ್ನು ಗೋಡೆಗೆ ಕೈಕೊಟ್ಟು ಕೂರಿಸಿ, ಪೆಡಲನ್ನು ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಡಿಸಿ ನೋಡಿದನು. ಹಿಮ್ಮಡಿ ಮುಟ್ಟಲಿಲ್ಲ. ಸೀಟು ಎತ್ತರವಾಗಿದ್ದುದರಿಂದ ಪ್ರತಿ ತುಳಿತಕ್ಕೂ ನನ್ನ ಸೊಂಟ ಎಡಕ್ಕೂ ಬಲಕ್ಕೂ ಹೊರಳಿ ತೊಡೆಯ ಸಂದು ಉಜ್ಜುತ್ತಿದ್ದಿತು. ಅವನು ಎರಡು ಬೆರಳು ಇಳಿಸಿ, ಮೂಗು ಮೇಲಕ್ಕೆ ಮುಖಮಾಡಿದ್ದುದನ್ನು ಮಟ್ಟಮಾಡಿ, ಹಿಡಿಯನ್ನು ಹತ್ತಿರಕ್ಕೆ ತಂದನು. “ಇನ್ನ ಎಂಟ ದಿವಸ ಗಾಯಮುಖಕ್ಕ ಹೋಗಬ್ಯಾಡ್ರಿ. ಒಂದಿನ ಬಿಟ್ಟು ಒಂದಿನ, ಅರ್ಧಾ ತಾಸು. ಮತ್ತ ಹೊಂಡ ಬಂದಾಗ ಎದ್ದು ನಿಂದ್ರರಿ. ಕುದರಿ ಮ್ಯಾಲ ನಿಂತಂಗ.” ಮಾನಸೋಲ್ಲಾಸವನ್ನೂ ಅಶ್ವವೈದ್ಯವನ್ನೂ ಅವನು ಓದಿರಲಾರನು, ಅಂಕವಣಿಯ ಉಪದೇಶ ಮಾತ್ರ ಅವನಲ್ಲಿ ಪೂರ್ಣವಾಗಿದ್ದಿತು. ಹಣವೆಷ್ಟೆಂದು ಕೇಳಿದುದಕ್ಕೆ, ಪಾನಾ ಹಿಡಿದುದಕ್ಕೆಲ್ಲ ಹಣವೆಲ್ಲಿಯದೆಂದು, ಎರಡು ಗಾಲಿಗಳ ಗಾಳಿಗೆ ಮಾತ್ರ ಹತ್ತು ರೂಪಾಯಿ ತೆಗೆದುಕೊಂಡನು.

ಉಳಿದುದು ಸಾಮಾನ್ಯ ವಿವೇಕ. ತರಚಿದ ಚರ್ಮ ಮಾಯುವವರೆಗೆ ಸೀಟನ್ನು ಮುಟ್ಟದಿರುವುದು. ಕುರುವಾಗಿ ಕೀವು ಕಟ್ಟಿದರೆ, ಜ್ವರ ಬಂದರೆ ಮನೆಮದ್ದನ್ನು ಬಿಟ್ಟು ವೈದ್ಯರಿಗೆ ತೋರಿಸುವುದು. ಜೋಮು ಹಿಡಿದರೆ ಅದನ್ನು ಶೌರ್ಯದಿಂದ ಸಹಿಸದೆ ಸೀಟನ್ನೇ ಬದಲಾಯಿಸುವುದು. ಒಳಗೆ ದಿಂಬು ಹೊಲಿದ ಸೈಕಲ್ ಚಡ್ಡಿಯನ್ನು ಬರಿಯ ಮೈಮೇಲೆಯೇ ತೊಡಬೇಕು. ಕೆಳಗೆ ಮತ್ತೊಂದನ್ನು ತೊಟ್ಟರೆ ಅದರ ಹೊಲಿಗೆಯೇ ಗರಗಸವಾಗುತ್ತದೆ. ಹಿಂದೆ ಈ ದಿಂಬನ್ನು ಶಾಮ್ವಾ ಎಂಬ ಬೆಟ್ಟದ ಮೇಕೆಯ ತೊಗಲಿನಿಂದ ಮಾಡುತ್ತಿದ್ದರು. ಒಗೆದು ಒಣಗಿಸಿದರೆ ರಟ್ಟಿನಂತಾಗುತ್ತಿದ್ದುದರಿಂದ ಅದನ್ನು ಮೃದುಗೊಳಿಸಲು ಹಚ್ಚುತ್ತಿದ್ದ ಲೇಪನವೇ ಇಂದು ಮೈಗೆ ಹಚ್ಚುವ ಮುಲಾಮಾಗಿ ಉಳಿದಿದೆ. ಚರ್ಮಕ್ಕಾಗಿ ಹುಟ್ಟಿದ ಎಣ್ಣೆ ಚರ್ಮವಿಲ್ಲದಾದ ಮೇಲೆ ಮನುಷ್ಯನ ಚರ್ಮಕ್ಕೆ ಬಂದಿತು. ನಾನು ನಮ್ಮ ಮನೆಯ ಕೊಬ್ಬರಿ ಎಣ್ಣೆಯನ್ನೇ ಹಚ್ಚಿದೆನು. ಸವಾರಿ ಮುಗಿದೊಡನೆ ಬೆವತ ಬಟ್ಟೆಯನ್ನು ಕಳಚಿ ಮಿಂದೆನು. ಕೊಂಕಣದ ಈ ಒದ್ದೆ ಹವೆಯಲ್ಲಿ ಒಣಗಿರುವುದಕ್ಕಿಂತ ದೊಡ್ಡ ಔಷಧವಿಲ್ಲ.

ಮೂರನೆಯ ವಾರದ ಭಾನುವಾರ, ಮುದುಕನ ಆಜ್ಞೆಯ ಅವಧಿ ಮುಗಿದುದರಿಂದ, ಬೆಳಕು ಹರಿಯುವ ಮೊದಲೇ ಹೊರಟು ಗಾಯಮುಖದ ಘಾಟನ್ನು ಏರಿ ಇಳಿದು, ಚೇಣೆಯ ಸೇತುವೆಯನ್ನು ದಾಟಿ, ರಸ್ತೆಯನ್ನು ಕೊನೆಮುಟ್ಟಿಸಿ ಹಳ್ಳಿಯೊಳಕ್ಕೆ ತಿರುಗಿದೆನು. ಹೊಂಡಗಳಲ್ಲಿ ಎದ್ದು ನಿಂತೆನು. ಏರಿನಲ್ಲಿ ಕಾಲುಗಳು ಸಾಲವನ್ನು ತಾವೇ ಸ್ವಲ್ಪ ಸ್ವಲ್ಪವಾಗಿ ತೀರಿಸತೊಡಗಿದ್ದುವು. ಕೋಟೆಯ ಗುಡ್ಡದ ಬುಡದಲ್ಲಿ ಖಾಡಿಯ ನೀರು ಇಳಿದು ಕೆಸರು ಕಾಣುತ್ತಿದ್ದಿತು. ಹಡಗೂ ಇರಲಿಲ್ಲ, ಕುದುರೆಯೂ ಇರಲಿಲ್ಲ, ಒಬ್ಬ ಬೆಸ್ತನು ಬಲೆಯನ್ನು ಬಿಡಿಸುತ್ತ ದೋಣಿಯಲ್ಲಿ ಕುಳಿತಿದ್ದನು. ಸೈಕಲನ್ನು ಗೋಡೆಗೆ ಒರಗಿಸಿ, ಪೋರ್ಚುಗೀಸರು ಇಟ್ಟ ಒಂದು ಕಲ್ಲಿನ ಮೇಲೆ, ಯಾವ ಅಂಚನ್ನೂ ಆರಿಸಿಕೊಳ್ಳದೆ, ನಡುಮಧ್ಯದಲ್ಲಿಯೇ ಕುಳಿತೆನು.